ಸಂದು ಬಿಡದ ಹಾದಿ

ಮಾರ್ಕಂಡೇಯನವರ ಕಾಲುಗಳು ನಿಂತಲ್ಲಿ ನಿಲ್ಲುವುದಿಲ್ಲ. ನನ್ನ ಇಟ್ಟಿಗೆ ಅಂಗಡಿಯ ಮುಂದೆ ಮಾತಾಡುತ್ತ ನಿಂತಾಗಲೂ ಎಡ, ಬಲ, ಎಡ ಎಂದು ನೆಲವನ್ನು ಒತ್ತುತ್ತಲೇ ಇರುತ್ತವೆ; ನಾರಾಯಣಪೇಟೆಯ ಸೀರೆ ಮಗ್ಗದ ಗುಂಡಿಯಲ್ಲಿ ನಲವತ್ತು ವರ್ಷ ಹಲಗೆ ತುಳಿದ ಆ ಪಾದಗಳಿಗೆ, ಮಗ್ಗ ಮಾರಿದ ಸುದ್ದಿಯನ್ನು ಯಾರೂ ಇನ್ನೂ ಮುಟ್ಟಿಸಿದಂತಿಲ್ಲ. ಕಡುಬೇಸಿಗೆಯಲ್ಲೂ ಮೈಮೇಲೊಂದು ತೋಳಿಲ್ಲದ ಕೋಟು. ಯಾರ ಬುದ್ಧಿವಾದಕ್ಕೂ ಒಂದೇ ಸಿದ್ಧ ಉತ್ತರ: "ಕೈಗೆ ಗೊತ್ತೈತಿ ಬಿಡ್ರಿ."

ಅವರ ಹೆಂಡತಿ ಜಮ್ಮುಲಮ್ಮ ಗದ್ವಾಲದ ಹೆಣ್ಣು, ಹಟಮಾರಿ. ಲಕ್ವ ಹೊಡೆದು ಎಡಗಾಲು ಎಳೆಯುವಂತಾದ ಮೇಲೂ, ಹೊಸ್ತಿಲಿನಿಂದ ಅಂಗಳದಾಚೆಯ ಬಚ್ಚಲಿಗೆ ಯಾರ ಕೈಯನ್ನೂ ಹಿಡಿಯದೆ ಹೋಗಬೇಕೆಂಬುದೊಂದೇ ಆಕೆಯ ಆಸೆ. ಆ ಹದಿನೆಂಟು ಅಡಿಗಾಗಿಯೇ ಮಾರ್ಕಂಡೇಯನವರು ನನ್ನಲ್ಲಿಗೆ ನೆಲಕ್ಕೆ ಹಾಸುವ ಪೇವರ್ ಇಟ್ಟಿಗೆ ಕೊಳ್ಳಲು ಬಂದದ್ದು. ಒಂದೊಂದನ್ನೂ ಉಗುರಿನಿಂದ ತಟ್ಟಿ, ಕಿವಿಗೆ ಹಿಡಿದು, ಅಂಚು ಸವರಿ ಆರಿಸಿದರು. ಇಟ್ಟಿಗೆಗೂ ಮುಖಲಕ್ಷಣವಿದೆಯೆಂದು ಅದನ್ನು ಮಾರಿ ಬದುಕುವ ನನಗೆ ತಿಳಿದದ್ದು ಅಂದೇ.

"ನಿಮ್ದು ಎರೆಮಣ್ಣು ಐತ್ರಿ. ಮೊಳ ಅಗೆದು ಮೊರಂ ಗರಸು ತುಂಬ್ರಿ, ಇಟ್ಟಿಗಿ ನಡುವ ಸಂದು ಬಿಟ್ಟು ಮರಳು ಹಾಕ್ರಿ," ಎಂದೆ.

"ಸಂದು ಬಿಟ್ರ ಅದು ನೇದ ಅರಿವಿ ಅಲ್ರೀ ಸಾವ್ಕಾರ್ರ, ಜಾಲರಿ. ಕೈಗೆ ಗೊತ್ತೈತಿ ಬಿಡ್ರಿ."

ನೆಲ ಅಗೆಯದೆ ಎರೆಮಣ್ಣಿನ ಮೇಲೆಯೇ, ಮಗ್ಗದ ಹಾಸಿನ ಉದ್ದೆಳೆಗಳಂತೆ ದಾರ ಬಿಗಿದು, ಹಣಿಗೆ ಬಡಿದು ಹೊಕ್ಕಿನ ಅಡ್ಡೆಳೆ ಕೂಡಿಸುವ ಅದೇ ಲಯದಲ್ಲಿ ಮರದ ಕೊಡತಿ ಬಡಿದು, ಇಟ್ಟಿಗೆಗೆ ಇಟ್ಟಿಗೆ ಕೂಡಿಸಿದರು. ಇಕ್ಕೆಲದಲ್ಲಿ ಕೆಂಪಂಚು, ನಡುವೆ ಬೂದುಬಣ್ಣದ ಚೌಕಳಿ. ಸೂಜಿ ತೂರಲೂ ಎಡೆಯಿಲ್ಲ. ಹನ್ನೊಂದು ದಿನ ಜಮ್ಮುಲಮ್ಮ ಅದರ ಮೇಲೆ ಕೋಲೂರಿ, ಒಬ್ಬರೇ ನಡೆದರು. ಬಚ್ಚಲ ಬಾಗಿಲು ಮುಟ್ಟಿ, ತಿರುಗಿ ನಿಂತು, "ನೀವು ನೇದ ಸೀರಿ ತುಳಿದಂಗ ಆಗ್ತೈತ್ರಿ, ನಂಗ ಪಾಪ ಬಂದೀತು," ಎಂದು ಗಂಡನನ್ನು ಕಾಡಿಸುವರು.

ಹನ್ನೆರಡನೆಯ ದಿನ ಮಳೆ ಸುರಿಯಿತು. ಕೆಳಗೆ ಎರೆಮಣ್ಣು ನೀರು ಕುಡಿದು ಉಬ್ಬಿತು. ಮೇಲೆ ಒಂದನ್ನೊಂದು ಅಪ್ಪಿಕೊಂಡು ಅಲುಗಲೂ ಎಡೆಯಿಲ್ಲದ ಇಟ್ಟಿಗೆಗಳು ನಡುಹಾದಿಯಲ್ಲಿ ಬೆನ್ನೆತ್ತಿದವು. ಎಳೆಯುವ ಕಾಲು ಅಲ್ಲೇ ತಗುಲಿತು. ಬಿದ್ದ ಜಮ್ಮುಲಮ್ಮನ ಸೊಂಟದ ಮೂಳೆ ಮುರಿಯಿತು.

ನಾನು ನೋಡಲು ಹೋದಾಗ ಮಾರ್ಕಂಡೇಯನವರು ಹಾದಿಯನ್ನು ಪೂರ್ತಿ ಕಿತ್ತು, ಮೊಳದಾಳದ ಗುಂಡಿಯಲ್ಲಿ ಮಗ್ಗಕ್ಕೆ ಕೂತಂತೆಯೇ ಕೂತು ಮೊರಂ ಹರಡುತ್ತಿದ್ದರು. ಒಳಗಿನಿಂದ ಆಕೆಯ ದನಿ ಕೇಳಿಸಿತು: "ಯಾರ ಸಲುವಾಗಿ ಹಾಕ್ತೀರಿ? ಇನ್ನ ಏಳೂದಿಲ್ಲಂತ ಡಾಕ್ಟ್ರು ಹೇಳ್ಯಾರ. ಒಳಗ ಬಂದು ನನ್ನ ಕೂಡ ಕುಂದ್ರಬಾರದಾ?"

ಅವರು ತಲೆಯೆತ್ತಲಿಲ್ಲ. "ಕೈಗೆ ಗೊತ್ತಾಗ್ಲಿಲ್ರೀ ಸಾವ್ಕಾರ್ರ," ಎಂದರು. ಆ ಪಾದಗಳು ಅಲುಗದೆ ಇದ್ದುದನ್ನು ನಾನು ಕಂಡದ್ದು ಅದೇ ಮೊದಲು.

ಈಗ ಆ ಹಾದಿ ಸಂದು ಬಿಟ್ಟು, ಮರಳು ತುಂಬಿ, ಅಂಗೈಯಂತೆ ಸಮವಾಗಿದೆ. ಎರಡು ಮಳೆಗಾಲ ಕಳೆದರೂ ಒಂದು ಇಟ್ಟಿಗೆ ತಲೆಯೆತ್ತಿಲ್ಲ. ಜಮ್ಮುಲಮ್ಮ ಮಂಚ ಬಿಟ್ಟಿಲ್ಲ. ಮಾರ್ಕಂಡೇಯನವರು ಬಚ್ಚಲಿನಿಂದ ನೀರು ಹೊತ್ತು ತರುವಾಗ ಆ ಹಾದಿಯ ಮೇಲೆ ಕಾಲಿಡದೆ, ಪಕ್ಕದ ಕೆಸರನ್ನೇ ತುಳಿದು ಬರುತ್ತಾರೆ. ಜೀವಮಾನವೆಲ್ಲ ಕೈಯನ್ನೇ ನಂಬಿದವರಿಗೆ ಪಶ್ಚಾತ್ತಾಪವೂ ಕೈಯಿಂದಲೇ ಆಗಬೇಕು. ಅಂಥವರ ಕೆಲಸ ಕೊನೆಗೊಮ್ಮೆ ನಿರ್ದುಷ್ಟವಾಗುತ್ತದೆ, ಆದರೆ ಅಷ್ಟರಲ್ಲಿ ಅದು ಬೇಕಾಗಿದ್ದ ಜೀವ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿರುತ್ತದೆ.