ಚಿಕ್ಕಮ್ಮ ಮಾಡಿದ ಪ್ರಮಾಣ

ಬಾಸ್ಟನ್ನಿನಿಂದ ಕ್ವಿಬೆಕ್ ಸೀಮೆಯ ಈ ಊರಿಗೆ ಬಂದು ನಮಗೆ ಹತ್ತು ತಿಂಗಳಾಗಿತ್ತು. ಮಾತು ನಮ್ಮದೇ ಫ್ರೆಂಚ್, ಪೂಜೆಯೂ ನಮ್ಮದೇ. ನೆಲ ಮಾತ್ರ ಬರೀ ಕಾಡು.

"ನಿಮ್ಮ ಅಕಾಡಿಯದೋರಿಗೆ ಕೊಡಲಿ ಹಿಡಿಯೋಕೆ ಬರಲ್ಲ, ಸಮುದ್ರಕ್ಕೆ ಕೆಸರಿನ ಒಡ್ಡು ಮೆತ್ತೋಕೆ ಬರುತ್ತೆ ಅಷ್ಟೆ," ಎಂದು ಗಿರಣಿಯ ಎತಿಯೆನ್ ರೇಗಿಸುತ್ತಿದ್ದ. ವಿಧುರ, ಒಳ್ಳೆಯವನು. ನಮ್ಮ ಮನೆಯ ಒಸೀತಳನ್ನು ಮದುವೆಯಾಗಬೇಕೆಂದಿದ್ದ.

ಅಡ್ಡಿ ಒಂದೇ. ಒಸೀತಳ ಗಂಡ ಬಾಜಿಲ್ ಸತ್ತದ್ದನ್ನು ಕಂಡವರಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಇಂಗ್ಲಿಷರು ನಮ್ಮನ್ನೆಲ್ಲ ಕಡಲ ದಡದ ನಮ್ಮ ಅಕಾಡಿಯದಿಂದ ಹೊರಹಾಕಿದಾಗ ಅವಳನ್ನು ಒಂದು ಹಡಗಿಗೆ ತಳ್ಳಿದರು. ಅವಳ ಅತ್ತೆ, ಎಂದರೆ ನನ್ನ ಚಿಕ್ಕಮ್ಮ ತೆಯೋತಿಸ್ತ್, ಚಿಕ್ಕಪ್ಪ ಮತ್ತು ನಾನು ಇನ್ನೊಂದರಲ್ಲಿ. ಬಾಜಿಲ್‌ನನ್ನು ಯಾವುದಕ್ಕೆ ಹತ್ತಿಸಿದರೋ ಗೊತ್ತಾಗಲಿಲ್ಲ. ಎರಡು ವರ್ಷದ ಮೇಲೆ ಬಾಸ್ಟನ್ನಿನಲ್ಲಿ ಒಸೀತ್ ನಮಗೆ ಸಿಕ್ಕಳು. ಬಾಜಿಲ್ ಎಲ್ಲಿಯೂ ಸಿಗಲಿಲ್ಲ. ಕಂಡವರ ಸಾಕ್ಷಿಯಿಲ್ಲದೆ ಮದುವೆ ಮಾಡಿಸಲಾರೆ ಎಂದರು ಪಾದ್ರಿ.

ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ನನ್ನನ್ನು ಜೊತೆಗೆ ಕರೆದುಕೊಂಡು ಪಾದ್ರಿಯ ಮನೆಗೆ ಹೊರಟಳು. ಒಸೀತ್ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

ಚಿಕ್ಕಮ್ಮ ಸುವಾರ್ತೆಯ ಪುಸ್ತಕದ ಮೇಲೆ ಕೈಯಿಟ್ಟಳು. "ಬಾಜಿಲ್ ನಮ್ಮ ಹಡಗಲ್ಲೇ ಇದ್ದ ಸ್ವಾಮಿ. ಎಂಟನೇ ದಿನ ಜ್ವರ ಏರ್ತು. ನಾಲಿಗೆ ಕಪ್ಪಾಯ್ತು. ನೀರು ಕೇಳ್ದ, ಕೊಡೋಕೆ ಇರ್ಲಿಲ್ಲ. ನನ್ನ ಶಾಲಲ್ಲೇ ಸುತ್ತಿ ಸಮುದ್ರಕ್ಕೆ ಬಿಟ್ರು."

ಪ್ರತಿಯೊಂದು ವಿವರವೂ ನಿಜ. ಆದರೆ ಹಾಗೆ ಸತ್ತದ್ದು ಚಿಕ್ಕಪ್ಪ. ದಡ ಬಿಟ್ಟ ಮೇಲೆ ಮಗನ ಮುಖವನ್ನು ಆಕೆ ಕಂಡೇ ಇರಲಿಲ್ಲ.

"ನೀನೂ ಕಂಡ್ಯಾ?" ಪಾದ್ರಿ ನನ್ನ ಕಡೆ ತಿರುಗಿದರು.

"ಕಂಡೆ ಸ್ವಾಮಿ." ಹೇಳಿಕೆಯ ಕೆಳಗೆ ಸಹಿಯ ಬದಲು ಶಿಲುಬೆಯ ಗೀಟು ಹಾಕಿದೆ.

ಹೊರಗೆ ಒಸೀತ್ ಅಳಲಿಲ್ಲ. "ಹತ್ತು ವರ್ಷ, ಅತ್ತೆ! ಬಂದ ಹಡಗಿಗೆಲ್ಲ ಓಡಿ ಅವರ ಸುದ್ದಿ ಕೇಳ್ತಿದ್ನಲ್ಲ, ನೋಡ್ಕೊಂಡು ಸುಮ್ನಿದ್ರಾ?"

ನಾನು ಬಾಯಿ ತೆರೆದೆ. ಚಿಕ್ಕಮ್ಮ ನನ್ನ ತೋಳು ಅದುಮಿದಳು. ನಿಜ ಹೊರಬಿದ್ದರೆ ಈ ಮದುವೆ ನಡೆಯುವುದಿಲ್ಲ.

"ಹೇಳಿದ್ರೆ ನೀನು ಬಿಟ್ಟು ಹೋಗ್ತಿದ್ದೆ ಕಣೇ. ನಂಗೆ ಇನ್ಯಾರಿದ್ರು?"

"ಕೊನೇಲಿ ನನ್ನ ಹೆಸರಾದ್ರೂ ಹೇಳಿದ್ರಾ?"

"ಹೇಳ್ದ." ನನ್ನ ತೋಳು ಬಿಡದೆಯೇ, "ಮೂರು ಸಲ," ಎಂದಳು.

ಒಸೀತ್ ಒಬ್ಬಳೇ ಗಿರಣಿಯ ದಾರಿ ಹಿಡಿದಳು. ಮದುವೆಗೆ ನಮ್ಮಿಬ್ಬರನ್ನೂ ಕರೆಯಲಿಲ್ಲ.

ಪ್ರಮಾಣ ಮಾಡಿದ ವಾರದ ಭಾನುವಾರ ಪಾದ್ರಿ ಬಾಜಿಲ್‌ನ ಆತ್ಮಶಾಂತಿಗೆ ಪ್ರಾರ್ಥನೆ ಹೇಳಿದರು. ಎಲ್ಲರೂ ಮೊಣಕಾಲೂರಿದರು. ಚಿಕ್ಕಮ್ಮ ಮಾತ್ರ ನಿಂತೇ ಇದ್ದಳು. ನಾನು ಕೈಹಿಡಿದು ಎಳೆಯಬೇಕಾಯಿತು.