ಅಟ್ಟದ ಸೈರನ್

“ಪುಟ್ಟಿ ಕೆಳಗಿಡು ಮೊದ್ಲು. ಯಾರಿಗೆ ಇಳಿಸ್ತಿದ್ದೆ ಹೇಳು,” ಎಂದು ಬೀರಯ್ಯ ಅಂಗಳದಿಂದಲೇ ಅರಚಿದ. ಜಗುಲಿಯ ಸೂರಿನ ಕೆಳಗೆ ಸೈರನ್ ಕಿವಿ ಹರಿಯುವಂತೆ ಕೂಗುತ್ತಿತ್ತು. ತೋಟದಿಂದ ಓಡಿ ಬಂದಿದ್ದರಿಂದ ಅವನಿಗೆ ಏದುಸಿರು. ಒಂದೇ ಕಾಲಲ್ಲಿ ಎಕ್ಕಡವಿತ್ತು.

ನಡುಮನೆಯಲ್ಲಿ ಬಿದಿರಿನ ಪುಟ್ಟಿ ಹೊತ್ತು ಅಟ್ಟದ ಏಣಿ ಇಳಿಯುತ್ತಿದ್ದ ತಂಗಿ ಗಂಗಲಕ್ಷ್ಮಮ್ಮನಿಗೆ ಆ ಗದ್ದಲದಲ್ಲಿ ಅವನ ಮಾತು ಕೇಳಿಸಲಿಲ್ಲ. ನಗುತ್ತಾ ಕೂಗಿ ಹೇಳಿದಳು: “ಕರೆಂಟ್ ಬಂತು ಕಣಣ್ಣಯ್ಯ. ಹೋಗಿ ಮೋಟ್ರು ಹಾಕು.”

ಹಿಂದೆಯೇ ಓಡಿ ಬಂದಿದ್ದ ಪಕ್ಕದ ಮನೆಯ ಜುಂಜಪ್ಪ ನಕ್ಕುಬಿಟ್ಟ. “ಬೆಳಗ್ಗೆ ಹೋದ ಕರೆಂಟ್ ಇನ್ನೂ ಬಂದೇ ಇಲ್ವಲ್ಲ ಗಂಗಮ್ಮ.”

ಆ ಸೈರನ್ ಹಾಕಿದ್ದು ಬೀರಯ್ಯನ ಮಗ ಕಾಂತೇಶ್. ತುಮಕೂರಲ್ಲಿ ಕೆಲಸ, ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆ. ಆ ವರ್ಷ ಅಟ್ಟದಲ್ಲಿ ಒಣಗಲು ಹಾಕಿದ ತೆಂಗಿನಕಾಯಿಯಿಂದ ಕೊಬ್ಬರಿ ಕಡಿಮೆ ಇಳಿದಿತ್ತು. ಅಟ್ಟ ಹತ್ತುವವಳು ಮನೆಯಲ್ಲಿ ಒಬ್ಬಳೇ, ಗಂಡ ಸತ್ತ ಮೇಲೆ ಕಡಬದ ತವರಿಗೆ ಬಂದು, ಕಾಂತೇಶನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಗಂಗಲಕ್ಷ್ಮಮ್ಮ. ಅವಳನ್ನು ಬಾಯಿಬಿಟ್ಟು ಕೇಳುವ ಬದಲು ಅವನು ಹಿಂದಿನ ಭಾನುವಾರ ಒಂದು ಡಬ್ಬ ತಂದ. ಅಟ್ಟದ ಬಾಗಿಲಿಗೂ ಚೌಕಟ್ಟಿಗೂ ಬೆರಳುದ್ದದ ಒಂದೊಂದು ತುಂಡು ಅಂಟಿಸಿದ. ಜಗುಲಿಯ ಗೋಡೆಗೆ ಸೈರನ್ ಕೂರಿಸಿದ. ನಡುವೆ ವೈರೇ ಇಲ್ಲ. ಬಾಗಿಲು ತೆರೆದು ತುಂಡುಗಳು ದೂರವಾದರೆ ಸಾಕು, ಅಲ್ಲಿ ಸೈರನ್ ಕೂಗುತ್ತದೆ. ಪ್ಲಗ್ಗಿನಿಂದ ಕರೆಂಟ್ ಕೊಟ್ಟು, ಕರೆಂಟ್ ಹೋದಾಗಲೂ ಕೆಲಸ ಮಾಡಲೆಂದು ಹಿಂಬದಿಗೆ ದಪ್ಪ ಸೆಲ್ಲು ತುಂಬಿದ. ನಿಲ್ಲಿಸುವ ರಿಮೋಟು ಮನೆಯಲ್ಲಿದ್ದರೆ ಅತ್ತೆಯ ಕೈಗೆ ಸಿಗುತ್ತದೆಂದು ಜೇಬಿಗೆ ಹಾಕಿಕೊಂಡು ಹೋದ.

“ಇದೇನ್ ಮಗಾ?” ಎಂದು ಅವಳು ಕೇಳಿದ್ದಕ್ಕೆ, “ತ್ರೀ ಫೇಸ್ ಬಂದ್ರೆ ಕೂಗ್ತದೆ ಅತ್ತೆ. ಅಪ್ಪ ಮೋಟ್ರು ಹಾಕೋಕೆ ಕಾಯ್ತಾ ಕೂರೋದು ತಪ್ಪುತ್ತೆ,” ಎಂದಿದ್ದ. ಯಾವ ಹೊತ್ತಿಗೆ ಕರೆಂಟ್ ಬರುತ್ತದೋ ದೇವರಿಗೂ ಗೊತ್ತಿಲ್ಲದ ಊರಲ್ಲಿ ಅಂಥ ಗಂಟೆ ಕಟ್ಟಿಸಿದವರು ಬೇಕಾದಷ್ಟು ಜನ. ಅವಳು ನಂಬಿದಳು. ಪಕ್ಕದಲ್ಲೇ ನಿಂತಿದ್ದ ಬೀರಯ್ಯ ತುಟಿ ಬಿಚ್ಚಲಿಲ್ಲ.

ಈಗ ಅವನ ಬಾಯಿ ನಿಲ್ಲಲಿಲ್ಲ. ಪ್ಲಗ್ ಕಿತ್ತೆಸೆದ. ಸೈರನ್ ಕೂಗುತ್ತಲೇ ಇತ್ತು. ಬೇಲಿಯ ಹತ್ತಿರ ಬೀದಿಯ ಜನ ಸೇರತೊಡಗಿದರು. ಜುಂಜಪ್ಪ ಸ್ಟೂಲು ಹತ್ತಿ ಅದರ ಹಿಂಬದಿ ಬಿಚ್ಚಲು ತಿಣುಕುತ್ತಿದ್ದರೆ, ಬೀರಯ್ಯ ಆ ಸದ್ದನ್ನೂ ಮೀರಿಸಿ ತಂಗಿಯ ಮೇಲೆ ಕಿರುಚಿದ. ಸೆಲ್ಲುಗಳು ಕೆಳಗುರುಳಿ ಸದ್ದು ಕತ್ತರಿಸಿದಂತೆ ನಿಂತಾಗ ಅವನ ಗಂಟಲೊಂದೇ ಉಳಿದಿತ್ತು.

“ಗಂಡ ಸತ್ತು ಬರಿಗೈಲಿ ಬಂದೋಳ್ಗೆ ಕೂಳು ಹಾಕಿದ್ದಕ್ಕೆ ನಮ್ಮ ಅಟ್ಟಕ್ಕೇ ಕೈ ಹಾಕ್ತೀಯಾ? ಅದು ಕರೆಂಟಿಗಲ್ಲ ಕಣೇ, ನಿನ್ನ ಹಿಡಿಯೋಕೇ ಹಾಕ್ಸಿರೋದು.”



ಗಂಗಲಕ್ಷ್ಮಮ್ಮ ಪುಟ್ಟಿಯನ್ನು ಜಗುಲಿಗೆ ತಂದು ಬೋರಲು ಹಾಕಿದಳು. ಕೊಳೆತ ಕಾಯಿಗಳು ಉರುಳಿದವು. ನಾತಕ್ಕೆ ಜುಂಜಪ್ಪ ಟವೆಲಿನಿಂದ ಮೂಗು ಮುಚ್ಚಿಕೊಂಡ. ವಾರಕ್ಕೊಮ್ಮೆ ಅಟ್ಟ ಹತ್ತಿ, ಕಾಯಿ ತಿರುವಿ, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಕೆಟ್ಟದ್ದನ್ನು ಆರಿಸಿ ತಿಪ್ಪೆಗೆ ಹಾಕುವುದು ಅವಳ ಕೆಲಸ. ಬೀರಯ್ಯನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಮಾತು ಆಡಿಯಾಗಿತ್ತು.

“ಕಾಯಿಗೆ ನುಸಿ ಬಿದ್ದು ಊರೋರ ಅಟ್ಟವೆಲ್ಲ ಅರ್ಧ ಆಗವೆ,” ಅವಳು ಮೆಲ್ಲಗೆ ಹೇಳಿದಳು. “ಎಲ್ಲರ ಮನೇಲೂ ತಂಗೇರೇ ಕದ್ರಾ ಅಣ್ಣಯ್ಯ?”

“ನಂಗೇನ್ ಗೊತ್ತು. ಹುಡುಗ ಹೇಳ್ದ.”

“ಇದನ್ನ ಹಾಕೋವಾಗ ಅವನು ಬೀಳ್ದಂಗೆ ಸ್ಟೂಲ್ ಹಿಡ್ಕೊಂಡಿದ್ದೋಳು ನಾನೇ ಅಲ್ವಾ. ನೀನು ಅಲ್ಲೇ ನಿಂತಿದ್ದೆ. ಒಂದ್ ಮಾತು ಹೇಳಿದ್ರೆ ಅಟ್ಟದ ಕಡೆ ತಲೆ ಹಾಕಿನೂ ಮಲಗ್ತಿರ್ಲಿಲ್ಲ.”

“ಜನದ ಮುಂದೆ ನಾಟಕ ಆಡ್ಬೇಡ, ಒಳಕ್ ನಡಿ,” ಎಂದ ಬೀರಯ್ಯ. ತಪ್ಪಾಯ್ತು ಅನ್ನಬಹುದಿತ್ತು. ಬೇಲಿಯ ತುಂಬ ಜನ ನಿಂತಿದ್ದರು.

ಅವಳು ಒಳಗೆ ನಡೆದಳು. ಕೈಕಾಲು ತೊಳೆದು, ಎರಡು ಸೀರೆ ತುರುಕಿದ ಬಟ್ಟೆಯ ಚೀಲ ಹಿಡಿದು ಹೊರಗೆ ಬಂದಳು. “ಅತ್ತಿಗೆ, ಸಾರು ಒಲೆ ಮೇಲದೆ. ಉಪ್ಪು ಹಾಕಿಲ್ಲ,” ಎಂದಳು.

ಬೀರಯ್ಯನ ಹೆಂಡತಿ ಲಕ್ಷ್ಮೀದೇವಮ್ಮ ಚೀಲ ಹಿಡಿದೆಳೆದಳು. “ಎಲ್ಲಿಗೆ ಹೋಗ್ತೀಯೇ?”

“ಹುತ್ರಿದುರ್ಗಕ್ಕೆ. ಗಂಡನ ಊರು.”

“ಮೈದುನಂಗೇ ಹೊಟ್ಟೆಗಿಲ್ಲ. ಅಲ್ಲೇನೈತೆ?”

“ಕದಿಯೋ ಅಂಥದ್ದು ಏನೂ ಇಲ್ಲ. ಅದಕ್ಕೇ ಹೋಗ್ತಿದೀನಿ.”

ಜನ ದಾರಿ ಬಿಟ್ಟರು. ಅವಳು ಕೆರೆ ಏರಿಯ ಮೇಲೆ ಹೋಗುವುದು ಕಾಣುತ್ತಿತ್ತು. “ಹೋಗಿ ಕರೀರಿ,” ಎಂದು ಲಕ್ಷ್ಮೀದೇವಮ್ಮ ಅಂಗಲಾಚಿದಳು.

“ಹೋಗ್ಲಿ ಬುಡು. ಗುಬ್ಬಿ ಬಸ್ ಸ್ಟ್ಯಾಂಡಲ್ಲಿ ಕುಂತು ಅತ್ಕೊಂಡು, ಹೊತ್ತು ಮುಳುಗೋದ್ರಲ್ಲಿ ಬರ್ತಾಳೆ.”

ಅವಳು ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ.

ಆ ಸಂಜೆ ಹಾಲು ಕರೆಯಲು ಬೀರಯ್ಯನೇ ಕೂತ. ದಿನಾ ಗಂಗಲಕ್ಷ್ಮಮ್ಮ ಕರೆಯುತ್ತಿದ್ದ ಹಸುವಿಗೆ ಅವನ ಕೈ ಹೊಸದು. ಕರು ಬಿಟ್ಟ, ಕೆಚ್ಚಲು ತೊಳೆದ, ಬೈದ, ಬೆನ್ನು ಸವರಿದ. ಹಸು ಏರಿಯ ಕಡೆಗೆ ಕಿವಿ ನಿಮಿರಿಸಿಕೊಂಡು ನಿಂತಿತ್ತು, ಸೊರ ಬಿಡಲಿಲ್ಲ, ತೊಟ್ಟು ಹಾಲೂ ಇಳಿಯಲಿಲ್ಲ.