ಮುಷ್ಟಿಯೊಳಗಿನ ಹೆಬ್ಬೆರಳು

ಇಂಗ್ಲಿಷ್ ಟೀಚರ್ ಫ್ರೌ ಹಿರ್ಷ್‌ಬೆಕ್ ಚಾಕ್ ಕೆಳಗಿಟ್ಟರೆಂದರೆ ಯಾರದೋ ಪಾಳಿ ಬಂತೆಂದೇ ಅರ್ಥ. ಹೊಸ ಪಾಠಕ್ಕೆ ಮುಂಚೆ ಒಬ್ಬರನ್ನು ಮುಂದೆ ಕರೆದು, ಇಡೀ ತರಗತಿಯ ಎದುರಿಗೆ ಹಿಂದಿನ ಪಾಠ ಕೇಳುತ್ತಿದ್ದರು. ಆ ಹೆಸರು ತನ್ನದಾಗದಿರಲಿ ಎಂದು ಆಫ್ರಾ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಅಂಕ ಒಂದು ಬಂದರೆ ಜಾಣೆ, ಆರು ಬಂದರೆ ದಡ್ಡಿ, ನಾಲ್ಕರವರೆಗೆ ಪಾಸು. ಗಣಿತದಲ್ಲಿ ಅವಳಿಗೆ ಆಗಲೇ ಐದು ಬಿದ್ದಿತ್ತು. ಇಂಗ್ಲಿಷಿನಲ್ಲೂ ಐದಾದರೆ ಇದೇ ತರಗತಿಯಲ್ಲಿ ಇನ್ನೊಂದು ವರ್ಷ. ಪಕ್ಕದಲ್ಲಿ ಗೆಳತಿ ರೊಸಾಲಿ ಇರುವುದಿಲ್ಲ.

ಹಿಂದಿನ ಸಂಜೆ ಅಡುಗೆಮನೆಯಲ್ಲಿ ಕೂತು, ಪುಟದ ಬಲಭಾಗದ ಇಂಗ್ಲಿಷ್ ಪದಗಳನ್ನು ಅಂಗೈಯಿಂದ ಮುಚ್ಚಿ ಉರು ಹೊಡೆದಿದ್ದಳು. ಅವರ ಮನೆಮಾತಿನಲ್ಲಿ ಕಡ ಕೊಟ್ಟರೂ ಕಡ ತಂದರೂ ಒಂದೇ ಪದ. ಅಂಗೈ ಕೆಳಗೆ ಮಾತ್ರ ಎರಡು: ಲೆಂಡ್, ಬಾರೋ. ಯಾವುದು ಯಾವ ಕಡೆಗೆಂದು ಗೊತ್ತಾಗದೆ ಅವಳು ಅಳುವಂತಾದಳು.

ಅಮ್ಮ ಬಿರ್ಗಿಟ್ ಕುದಿಯುವ ನೀರಿಗೆ ಸ್ಪೆಟ್ಸ್‌ಲೆ ಎಂಬ ಗಿಡ್ಡ ಶಾವಿಗೆಯ ಹಿಟ್ಟನ್ನು ಹಲಗೆಯಿಂದ ಕೆರೆದು ಬಿಡುತ್ತಿದ್ದಳು. ಹಲಗೆ ಮೇಲಿನ ಮನೆ ಅಜ್ಜಿಯಿಂದ ಕಡ ತಂದದ್ದು. ಉರಿ ಸಣ್ಣ ಮಾಡಿ ಕೈ ಒರೆಸಿಕೊಂಡಳು.

"ಪುಸ್ತಕ ಮುಚ್ಚು ಚಿನ್ನ. ಬಾಗಿಲಾಚೆ ಹೋಗಿ ನಿಂತ್ಕೋ. ನಾನು ಮೇಲಿನ ಮನೆ ಅಜ್ಜಿ. ಹಲಗೆ ನನ್ನ ಕೈಯಿಂದ ಹೊರಟ್ರೆ ಲೆಂಡ್. ನಿನ್ನ ಕೈಗೆ ಬಂದ್ರೆ ಬಾರೋ. ಈಗ ಇಸ್ಕೋ."

ಅಂಟಂಟಾದ ಹಲಗೆ ಬಾಗಿಲಲ್ಲಿ ಅತ್ತಿಂದಿತ್ತ ಓಡಾಡಿತು. ಅಷ್ಟರಲ್ಲಿ ಸ್ಪೆಟ್ಸ್‌ಲೆ ಬೆಂದು ಮುದ್ದೆಯಾಯಿತು. ಅಮ್ಮ ಬೈಯಲಿಲ್ಲ, ಮೇಲೆ ಚೀಸ್ ಸುರಿದು, ಬೆಳಿಗ್ಗೆ ಎಂಟಕ್ಕೆ ನಿನಗೆ ಒಳ್ಳೇದಾಗ್ಲಿ ಅಂತ ಹೆಬ್ಬೆರಳು ಮುಷ್ಟಿಯೊಳಗೆ ಒತ್ತಿ ಹಿಡಿದಿರ್ತೀನಿ ಎಂದಳು. ಊಟವಾದ ಮೇಲೆ ರೊಸಾಲಿ ಫೋನ್ ಮಾಡಿ ಒಂದೊಂದೇ ಪದ ಕೇಳಿದಳು. ಅವಳೇ ಕೇಳುವವಳು, ಆಫ್ರಾ ಹೇಳುವವಳು.

ಬೆಳಿಗ್ಗೆ ಚಾಕ್ ಕೆಳಗಿಳಿಯಿತು. "ಆಫ್ರಾ, ಬಾ."

ಆಫ್ರಾ ಕಪ್ಪುಹಲಗೆಯ ಮುಂದೆ ಹೋಗಿ ನಿಂತಳು. ಲೆಂಡ್, ಬಾರೋ, ಎರಡು ಪದಗಳಿಗೂ ಒಂದೊಂದು ವಾಕ್ಯ ಹೇಳು ಎಂದರು ಫ್ರೌ ಹಿರ್ಷ್‌ಬೆಕ್. ಆಫ್ರಾ ಬಾಯಿ ತೆರೆದಳು, ಮುಚ್ಚಿದಳು. ಹಿಂದೆ ಯಾರೋ ಕಿಸಕ್ಕೆಂದರು. ರೊಸಾಲಿಯ ಎರಡು ಮುಷ್ಟಿ ಮೇಜಿನ ಮೇಲಿದ್ದವು. ಹೆಬ್ಬೆರಳು ಒಳಗೆ, ಗೆಣ್ಣುಗಳು ಬೆಳ್ಳಗೆ. ಅಮ್ಮನ ಮುಷ್ಟಿಯೂ ಈಗ ಎಲ್ಲೋ ಹೀಗೇ ಇರಬೇಕು. ಆಫ್ರಾ ಕಣ್ಣು ಮುಚ್ಚಿ ಅಡುಗೆಮನೆಯ ಬಾಗಿಲಾಚೆ ಹೋಗಿ ನಿಂತಳು. ಹಲಗೆ ಅಜ್ಜಿಯ ಕೈಯಿಂದ ಹೊರಟಿತು, ತನ್ನ ಕೈಗೆ ಬಂತು. ವಾಕ್ಯಗಳು ನಡುಗುತ್ತಲೇ ಹೊರಬಿದ್ದವು. ಆಮೇಲೆ ಕೇಳಿದ ಬ್ರಿಂಗ್, ಟೇಕ್‌ಗಳಲ್ಲಿ ಒಂದು ತಪ್ಪಿತು.

"ನಾಲ್ಕು. ಹೋಗಿ ಕೂತ್ಕೋ."

ನಾಲ್ಕು ಸಾಕು. ಅವಳು ಬೆಂಚಿಗೆ ಬಂದು ಕುಸಿದಳು.

"ನೀನು ಸತ್ತೇ ಹೋದೆ ಅನ್ಕೊಂಡೆ ಕಣೇ," ರೊಸಾಲಿ ಪಿಸುಗುಟ್ಟಿದಳು. "ಮುಖ ನೋಡ್ಬೇಕಿತ್ತು, ಹಿಟ್ಟಿನ ಮುದ್ದೆ."

ಆಫ್ರಾಳಿಗೆ ನಗು ಬರುವಷ್ಟರಲ್ಲಿ ಕಣ್ಣಿಗೆ ಬಿತ್ತು: ಚಾಕ್ ಇನ್ನೂ ಕೆಳಗೇ ಇತ್ತು.

"ಇವತ್ತು ಇನ್ನೊಬ್ರು," ಎಂದರು ಫ್ರೌ ಹಿರ್ಷ್‌ಬೆಕ್. "ರೊಸಾಲಿ."

ರೊಸಾಲಿಯ ಮುಖದ ನಗು ಹಾಗೇ ನಿಂತುಬಿಟ್ಟಿತು. ಗಣಿತದಲ್ಲಿ ಅವಳಿಗೂ ಐದೇ ಇದ್ದದ್ದು. ನಗುನಗುತ್ತಾ ಇರುವವಳೆಂದು ಯಾರಿಗೂ ಅದು ನೆನಪಿರುತ್ತಿರಲಿಲ್ಲ. ನಿನ್ನೆ ಫೋನಿನಲ್ಲಿ ಅವಳು ಕೇಳಿದ್ದೇ ಕೇಳಿದ್ದು, ಪುಸ್ತಕ ತೆರೆದಿಟ್ಟುಕೊಂಡು. ಒಂದಾದರೂ ಪದ ನನ್ನನ್ನು ಕೇಳು ಎಂದಿರಲಿಲ್ಲ. ಈಗ ನಿನ್ನ ಸರದಿ ಎಂದು ಆಫ್ರಾಳೂ ಅಂದಿರಲಿಲ್ಲ.

ರೊಸಾಲಿ ಎದ್ದಳು. ಹೋಗುವಾಗ ಅವಳ ತಣ್ಣನೆಯ ಬೆರಳು ಆಫ್ರಾಳ ಭುಜಕ್ಕೆ ತಾಗಿತು. ಆಫ್ರಾ ಎರಡೂ ಹೆಬ್ಬೆರಳುಗಳನ್ನು ಮಡಿಸಿ ಮುಷ್ಟಿ ಬಿಗಿದಳು. ರೊಸಾಲಿಗೆ ಕಾಣುವಂತೆ ಮೇಜಿನ ಮೇಲಿಟ್ಟು, ನೋವಾಗುವಷ್ಟು ಒತ್ತಿದಳು.